ಪಾರ್ಶ್ವವಾಯುವಿನ ನಂತರ: ಸೋತ ಕೈಗೆ ಕೆಲಸ ಕೊಡಿ



ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೋ ಎರಡೋ ಆಕಳು. ಹಾಲು ಕರೆಯುವ ಯಂತ್ರ ಇರುವ ಮನೆ ಅಪರೂಪ. ಅಮ್ಮನೋ ಅತ್ತೆಯೋ ವರ್ಷಗಟ್ಟಲೆ ಎರಡು ಹೊತ್ತೂ ಕೂತು ಕರೆಯುತ್ತಾರೆ. ಕೆಲವು ಆಕಳು ಬೇರೆಯವರ ಕೈಗೆ ಹಾಲನ್ನೇ ಇಳಿಸುವುದಿಲ್ಲ. ಅಂಥ ಕೈ ಒಂದು ದಿನ ಇದ್ದಕ್ಕಿದ್ದಂತೆ ಜೋತುಬಿದ್ದರೆ ಮನೆಯ ಲೆಕ್ಕಾಚಾರವೆಲ್ಲ ತಪ್ಪುತ್ತದೆ. ಆಸ್ಪತ್ರೆಯ ಖರ್ಚು ಒಂದು ಕಡೆ, ಆಕಳನ್ನು ಇಟ್ಟುಕೊಳ್ಳುವುದೋ ಕೊಡುವುದೋ ಎಂಬ ಚಿಂತೆ ಇನ್ನೊಂದು ಕಡೆ.

ಪಾರ್ಶ್ವವಾಯು, ಅಂದರೆ ನಾವು ಲಕ್ವ ಎನ್ನುವ ಕಾಯಿಲೆ, ಬಂದವರು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಅದು ನಡೆಯುವುದು ಹೆಚ್ಚಾಗಿ ಮನೆಯಲ್ಲೇ. ಸೋತ ಕೈಯನ್ನು ಮತ್ತೆ ಬಳಕೆಗೆ ತರಲು ಮನೆಯವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಕೈ ಕೆಟ್ಟಿಲ್ಲ, ಆಜ್ಞೆ ತಲುಪುತ್ತಿಲ್ಲ

ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಮಿದುಳಿನ ಆ ಭಾಗ ಹಾನಿಗೊಳ್ಳುತ್ತದೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ, ಬಲಗಾಲು ಸೋಲುತ್ತವೆ. ಬಲಭಾಗಕ್ಕೆ ಪೆಟ್ಟಾದರೆ ಎಡಗೈ, ಎಡಗಾಲು. ಕೈಯ ಎಲುಬು, ಸ್ನಾಯು ಎಲ್ಲ ಹಾಗೇ ಇರುತ್ತವೆ. ಆದರೆ ಮಿದುಳಿನ ಆಜ್ಞೆ ಅಲ್ಲಿಗೆ ತಲುಪುವುದಿಲ್ಲ.

ತೋಟದ ಕಾಲುವೆ ಒಂದು ಕಡೆ ಕುಸಿದರೆ ನಾವು ಗುದ್ದಲಿ ಹಿಡಿದು ಪಕ್ಕದಲ್ಲಿ ಹೊಸ ದಾರಿ ಮಾಡಿ ನೀರು ಹಾಯಿಸುತ್ತೇವೆ. ಮಿದುಳೂ ಹಾಗೆ ಪಕ್ಕದ ಭಾಗಗಳಿಂದ ಹೊಸ ದಾರಿ ಮಾಡಿಕೊಳ್ಳಬಲ್ಲದು. ಅಲ್ಲಿ ಗುದ್ದಲಿಯ ಕೆಲಸ ಮಾಡುವುದು ಅಭ್ಯಾಸ. ಕೈಯನ್ನು ಬಳಸಿದಷ್ಟೂ ದಾರಿ ಸವೆಯುತ್ತದೆ. ಬಳಸದೆ ಬಿಟ್ಟರೆ ಇದ್ದ ದಾರಿಯಲ್ಲೂ ಹುಲ್ಲು ಬೆಳೆಯುತ್ತದೆ.

ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಪ್ರೀತಿಯಿಂದ ನಾವೇ ತುತ್ತು ಕೊಡುತ್ತೇವೆ, ನಾವೇ ಅಂಗಿ ತೊಡಿಸುತ್ತೇವೆ, 'ನೀವು ಸುಮ್ಮನೆ ಕೂತಿರಿ' ಎನ್ನುತ್ತೇವೆ. ರೋಗಿಯೂ ಒಳ್ಳೆಯ ಕೈಯಲ್ಲೇ ಎಲ್ಲ ಸುಧಾರಿಸಲು ಕಲಿಯುತ್ತಾರೆ. ಸೋತ ಕೈಗೆ ಕೆಲಸವೇ ಇಲ್ಲದೆ ಅದು ಇನ್ನಷ್ಟು ಮರೆಯುತ್ತದೆ.

ಮೊದಲ ವಾರಗಳು: ಭುಜ ಕಾಪಾಡಿ

ಕರು ಹಾಕಿದ ಆಕಳು ನೆಲ ಹಿಡಿದರೆ ಏನು ಮಾಡುತ್ತೇವೆ? ಮೆತ್ತಗೆ ಹುಲ್ಲು ಹಾಸಿ ಆಗಾಗ ಮಗ್ಗುಲು ಬದಲಿಸುತ್ತೇವೆ. ಕಾಲು ಹಿಡಿದು ಎಳೆಯುವುದಿಲ್ಲ. ಮನುಷ್ಯರಿಗೂ ಅದೇ ಎಚ್ಚರ ಬೇಕು.

ಸೋತ ಕೈಯ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲಾಗಿರುತ್ತವೆ. ಆ ಕೈ ಹಿಡಿದು ಎಬ್ಬಿಸಿದರೆ, ಕಂಕುಳಿಗೆ ಕೈಹಾಕಿ ಎತ್ತಿದರೆ ಕೀಲಿಗೆ ಪೆಟ್ಟಾಗುತ್ತದೆ. ಒಮ್ಮೆ ಭುಜದ ನೋವು ಹತ್ತಿದರೆ ತಿಂಗಳುಗಟ್ಟಲೆ ವ್ಯಾಯಾಮ ನಿಲ್ಲುತ್ತದೆ. ಆದ್ದರಿಂದ:

• ಎಬ್ಬಿಸುವಾಗ ಸೊಂಟದ ಭಾಗದಲ್ಲಿ ಅಥವಾ ಬೆನ್ನಿನ ಹಿಂದೆ, ಭುಜದ ಎಲುಬಿನ ಕೆಳಗೆ ಆಧಾರ ಕೊಡಿ. ಸೋತ ಕೈ ಎಳೆಯಬೇಡಿ.
• ಕೂತಾಗ ಕೈ ಜೋತುಬೀಳದಂತೆ ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಕೈ ಇಡಿ. ಅಂಗೈ ತೆರೆದಿರಲಿ.
• ಮಲಗಿದಾಗ ತಾವಾಗಿ ಹೊರಳಲಾಗದಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೋತ ಭುಜದ ಕೆಳಗೂ ದಿಂಬಿರಲಿ.
• ನೀವು ಕೈ ಎತ್ತಿಸುವಾಗ ಭುಜದ ಮಟ್ಟಕ್ಕಿಂತ ಮೇಲೆ ಒಯ್ಯಬೇಡಿ. ನಿಧಾನವಾಗಿ, ನೋವಾಗದಷ್ಟು ಮಾತ್ರ. ಇನ್ನೂ ಮೇಲೆತ್ತುವುದನ್ನು ಫಿಸಿಯೋಥೆರಪಿಸ್ಟ್ ತೋರಿಸಿದ ಮೇಲೆ ಮಾಡಿ.
• ತೊಲೆಗೆ ಹಗ್ಗ, ರಾಟೆ ಕಟ್ಟಿ ಕೈ ಎಳೆಯುವ ವ್ಯಾಯಾಮ ಬೇಡ. ಅದರಿಂದ ಭುಜದ ನೋವು ಹೆಚ್ಚುತ್ತದೆ.

ಎಣ್ಣೆ ಹಚ್ಚಿ ಮೃದುವಾಗಿ ನೀವುವುದಕ್ಕೆ ವೈದ್ಯರು ಒಪ್ಪಿದರೆ ಅಡ್ಡಿಯಿಲ್ಲ, ಅದು ಹಿತ ಕೊಡುತ್ತದೆ. ಆದರೆ ಜಗ್ಗಿ, ತಿರುಚಿ, 'ನರ ಬಿಡಿಸುವುದು' ಅಪಾಯ. ಯಾವ ಎಣ್ಣೆ ಹಚ್ಚಿದರೂ ಕೈ ತಾನೇ ಕೆಲಸ ಕಲಿಯುವುದಿಲ್ಲ. ನಾಟಿ ಔಷಧಿ ಶುರುಮಾಡಿ ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸುವುದಂತೂ ಕೂಡದು.

ಎಷ್ಟು ಸಲ ಮಾಡಬೇಕು?

ಮುಂದಿನ ಸಲ ಹಾಲು ಕರೆಯುವಾಗ ನಿಮ್ಮ ಒಂದು ಕೈ ಎಷ್ಟು ಬಾರಿ ಮುಚ್ಚಿ ತೆರೆಯುತ್ತದೆ ಎಂದು ಎಣಿಸಿ ನೋಡಿ. ಐದು ನಿಮಿಷದಲ್ಲಿ ಇನ್ನೂರು, ಮುನ್ನೂರು ಸುಲಭವಾಗಿ ದಾಟುತ್ತದೆ. ಆ ಕೈ ಈ ಕೆಲಸ ಕಲಿತದ್ದು ಹೀಗೆ, ಸಾವಿರ ಸಾವಿರ ಸಲ ಮಾಡಿ.

ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳಲ್ಲಿ ಸಂಶೋಧಕರು ಇದನ್ನೇ ಎಣಿಸಿ 2009ರಲ್ಲಿ ಪ್ರಕಟಿಸಿದರು. ಒಂದು ಅವಧಿಯ ಚಿಕಿತ್ಸೆಯಲ್ಲಿ ಸೋತ ಕೈ ಉಪಯೋಗದ ಚಲನೆಯನ್ನು ಮಾಡಿದ್ದು ಸರಾಸರಿ 32 ಸಲ ಮಾತ್ರ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳು ಬದಲಾದದ್ದು ದಿನಕ್ಕೆ ನೂರಾರು ಸಲ ಮಾಡಿದಾಗ. ಅಂದರೆ ವಾರಕ್ಕೆರಡು ದಿನ ಆಸ್ಪತ್ರೆಗೆ ಹೋಗಿ ಬಂದರೆ ಸಾಲದು. ಉಳಿದದ್ದು ಮನೆಯಲ್ಲಿ ಆಗಬೇಕು.

ಹಾಗೆಂದು ಮನೆಯವರೇ ಸಾಕು, ಫಿಸಿಯೋಥೆರಪಿಸ್ಟ್ ಬೇಡ ಎಂದುಕೊಳ್ಳಬಾರದು. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿಕೊಂಡು ನಡೆದ ಒಂದು ದೊಡ್ಡ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯವರಿಗೆ ತರಬೇತಿ ಕೊಟ್ಟು ಕಳಿಸಿದ ಗುಂಪಿಗೂ ಎಂದಿನ ಚಿಕಿತ್ಸೆ ಪಡೆದ ಗುಂಪಿಗೂ ಆರು ತಿಂಗಳ ಬಳಿಕ ಸಾವು ಅಥವಾ ಪರಾವಲಂಬನೆಯ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾವು ಇದರಿಂದ ತಿಳಿಯಬೇಕಾದ್ದು ಇಷ್ಟು: ಒಮ್ಮೆ ಹೇಳಿಸಿಕೊಂಡು ಬಂದ ಪಾಠ ಸಾಕಾಗುವುದಿಲ್ಲ. ಏನು ಮಾಡಬೇಕೆಂದು ತಿಳಿದವರು ಆಗಾಗ ನೋಡಿ ತಿದ್ದಬೇಕು, ದಿನದಿನದ ಅಭ್ಯಾಸ ಮನೆಯಲ್ಲಿ ನಡೆಯಬೇಕು. ತಾಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಯಾವ ದಿನ ಸಿಗುತ್ತದೆ ಎಂದು ಕೇಳಿ. ದಿನವೂ ಹೋಗಲಾಗದಿದ್ದರೆ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆಯಾದರೂ ಹೋಗಿ. ಅವರು ತೋರಿಸಿದ್ದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ.

ಹಾಲಿನ ಹೊತ್ತಿಗೆ ಅಭ್ಯಾಸ ಕಟ್ಟಿ

ಹೈನುಗಾರರ ಮನೆಯಲ್ಲಿ ಒಂದು ಅನುಕೂಲವಿದೆ. ಮಳೆ ಬರಲಿ, ಹಬ್ಬವಿರಲಿ, ಎರಡು ಹೊತ್ತಿನ ಹಾಲು ತಪ್ಪುವುದಿಲ್ಲ. ಅಭ್ಯಾಸವನ್ನೂ ಅದಕ್ಕೇ ಕಟ್ಟಿ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಒಮ್ಮೆ, ಮಧ್ಯಾಹ್ನ ಊಟಕ್ಕೆ ಮೊದಲು ಒಮ್ಮೆ, ಸಂಜೆ ಕರೆಯುವ ಮುನ್ನ ಒಮ್ಮೆ. ಪ್ರತಿಸಲ ಹದಿನೈದು ಇಪ್ಪತ್ತು ನಿಮಿಷ. ಮೊದಲು ಹತ್ತು ಸಲದಿಂದ ಶುರುಮಾಡಿ ದಿನೇ ದಿನೇ ಹೆಚ್ಚಿಸಿ. ದಣಿವಾದರೆ ನಿಲ್ಲಿಸಿ, ಆಮೇಲೆ ಮುಂದುವರಿಸಿ. ಪಾರ್ಶ್ವವಾಯುವಿನ ನಂತರದ ದಣಿವು ಸೋಮಾರಿತನವಲ್ಲ.

ಡೇರಿಯಲ್ಲಿ ಲೀಟರ್, ಫ್ಯಾಟ್ ಬರೆದಂತೆ ಒಂದು ಹಳೇ ನೋಟುಬುಕ್ಕಿನಲ್ಲಿ ದಿನಾಂಕ, ಕೆಲಸ, ಎಷ್ಟು ಸಲ ಎಂದು ಬರೆಯಿರಿ. 'ಏನೂ ಸುಧಾರಿಸಲಿಲ್ಲ' ಎಂದು ರೋಗಿ ಬೇಸರಪಟ್ಟ ದಿನ ಒಂದು ತಿಂಗಳ ಹಿಂದಿನ ಪುಟ ತೆಗೆದು ತೋರಿಸಿ.

*ಬೆರಳು ಇನ್ನೂ ಅಲುಗದಿದ್ದಾಗ:*
• ಮೇಜಿನ ಮೇಲೆ ಟವೆಲ್ ಹಾಸಿ, ಸೋತ ಕೈ ಅದರ ಮೇಲಿಟ್ಟು, ಒಳ್ಳೆಯ ಕೈಯ ನೆರವಿನಿಂದ ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಜಾರಿಸುವುದು. ಕಣ್ಣು ಕೈಯ ಮೇಲಿರಲಿ.
• ಸೋತ ಕೈಯನ್ನು ಒತ್ತಾಗಿ ಬಳಸುವುದು. ಕಾಗದ ಹಾರದಂತೆ, ತಟ್ಟೆ ಜಾರದಂತೆ ಆ ಕೈ ಮೇಲಿರಲಿ.
• ಕನ್ನಡಿ ಅಭ್ಯಾಸ. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಸೋತ ಕೈ ಕನ್ನಡಿಯ ಹಿಂದೆ ಇರಲಿ. ಒಳ್ಳೆಯ ಕೈ ತೆರೆದು ಮುಚ್ಚುವಾಗ ಕನ್ನಡಿಯಲ್ಲಿ ಸೋತ ಕೈಯೇ ಅಲುಗಿದಂತೆ ಕಾಣುತ್ತದೆ. ಅದನ್ನು ನೋಡುತ್ತ ಹಿಂದಿನ ಕೈಯನ್ನೂ ಅಲುಗಿಸಲು ಪ್ರಯತ್ನಿಸಬೇಕು. ಬೇರೆ ಅಭ್ಯಾಸದ ಜೊತೆಗೆ ಇದನ್ನೂ ಮಾಡಿದರೆ ಕೈಯ ಚಲನೆ ಸುಧಾರಿಸುತ್ತದೆಂದು ಹಲವು ಅಧ್ಯಯನಗಳಲ್ಲಿ ಕಂಡಿದೆ.

*ಬೆರಳು ಸ್ವಲ್ಪ ಅಲುಗತೊಡಗಿದಾಗ:*
• ಖಾಲಿ ಸ್ಟೀಲ್ ಲೋಟ ಹಿಡಿದು, ಎತ್ತಿ, ಒಂದು ಗೇಣು ಆಚೆ ಇಟ್ಟು, ಬಿಡುವುದು.
• ಒಂದು ಬಟ್ಟಲಿನ ಅಡಿಕೆಯನ್ನು ಒಂದೊಂದಾಗಿ ಇನ್ನೊಂದು ಬಟ್ಟಲಿಗೆ ಹಾಕುವುದು.
• ಜಗುಲಿಯ ಕಟ್ಟೆ ಒರೆಸುವುದು, ಬಟ್ಟೆ ಮಡಚುವುದು.

ಹಲವರು ಮೊದಲು ಕೊಡುವುದು ರಬ್ಬರ್ ಚೆಂಡು. ಆದರೆ ಹೆಚ್ಚಿನವರಿಗೆ ಮುಷ್ಟಿ ಕಟ್ಟುವುದು ಬೇಗ ಬರುತ್ತದೆ, ಬೆರಳು ಬಿಡಿಸುವುದೇ ಕಷ್ಟ. ದಿನವಿಡೀ ಚೆಂಡು ಹಿಸುಕಿಸಿದರೆ ಕಷ್ಟದ ಕೆಲಸದ ಅಭ್ಯಾಸವೇ ಆಗುವುದಿಲ್ಲ. 'ಹಿಡಿ' ಎಂದಷ್ಟೇ ಸಲ 'ಬಿಡು' ಎನ್ನಿ. ಲೆಕ್ಕ ಇಡುವಾಗಲೂ ಬಿಟ್ಟದ್ದನ್ನೇ ಎಣಿಸಿ.

*ಹಿಡಿದು ಬಿಡುವುದು ಬಂದ ಮೇಲೆ:*
ಇನ್ನು ವ್ಯಾಯಾಮಕ್ಕಿಂತ ನಿಜವಾದ ಕೆಲಸ ಮೇಲು. ಬೆಳ್ಳುಳ್ಳಿ, ಈರುಳ್ಳಿ ಸಿಪ್ಪೆ ಬಿಡಿಸುವುದು, ಶೇಂಗಾ ಸುಲಿಯುವುದು, ಚೊಂಬಿನಿಂದ ನೀರು ಹುಯ್ಯುವುದು, ತಲೆ ಬಾಚುವುದು. ಭಟ್ಕಳದ ಕಡೆ ಮಲ್ಲಿಗೆ ಕಟ್ಟಿ ರೂಢಿಯಿರುವವರಿಗೆ ಹೂವು, ನಾರು ಕೊಡಿ. ಕುಮಟಾದ ಕಡೆ ಈರುಳ್ಳಿ ಗೊಂಚಲು ಹೆಣೆದು ಬಲ್ಲವರಿಗೆ ಅದನ್ನೇ ಕೊಡಿ. ಮೊದಲ ಮಾಲೆ ಸೊಟ್ಟಗಿರುತ್ತದೆ, ಇರಲಿ. ಜೀವಮಾನವಿಡೀ ಮಾಡಿದ ಕೆಲಸದಲ್ಲಿ ರೋಗಿಗೆ ಮನಸ್ಸು ನಿಲ್ಲುತ್ತದೆ, ಮನಸ್ಸು ನಿಂತಲ್ಲಿ ಸಲಗಳೂ ಹೆಚ್ಚುತ್ತವೆ.

ಮಣಿಕಟ್ಟು ಮತ್ತು ಬೆರಳುಗಳನ್ನು ಸ್ವಲ್ಪ ಮೇಲಕ್ಕೆ ಬಿಡಿಸಬಲ್ಲವರಿಗೆ ಇನ್ನೊಂದು ಕ್ರಮವಿದೆ. ಒಳ್ಳೆಯ ಕೈಗೆ ದಪ್ಪ ಗವಸು ಹಾಕಿ, ಎಲ್ಲ ಕೆಲಸ ಸೋತ ಕೈಯಿಂದಲೇ ಮಾಡಿಸುವುದು. ಪಾರ್ಶ್ವವಾಯು ಬಂದು ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರನ್ನು ಸೇರಿಸಿಕೊಂಡು, ಅವರಲ್ಲಿ ಒಂದು ಗುಂಪಿಗೆ ಎರಡು ವಾರ ಹೀಗೆ ಮಾಡಿಸಿದ ಅಮೆರಿಕದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದರ ಲಾಭ ವರ್ಷದ ನಂತರವೂ ಉಳಿದಿತ್ತು. ಆದರೆ ನಡೆಯುವಾಗ ವಾಲುವವರಿಗೆ ಇದು ಅಪಾಯ. ಫಿಸಿಯೋಥೆರಪಿಸ್ಟ್ ಸಲಹೆ ಇಲ್ಲದೆ ಮಾಡಬೇಡಿ.

ಸುಧಾರಣೆ ವೇಗವಾಗಿ ಕಾಣುವುದು ಮೊದಲ ಮೂರು ತಿಂಗಳಲ್ಲಿ. 'ಆರು ತಿಂಗಳಾಯಿತು, ಇನ್ನೇನೂ ಆಗದು' ಎಂಬ ಮಾತು ಮಾತ್ರ ಸರಿಯಲ್ಲ. ಆಮೇಲೂ ನಿಧಾನವಾಗಿ ಸುಧಾರಣೆ ಇರುತ್ತದೆ.

ಕೈ ಪೂರ್ತಿ ಬಾರದಿದ್ದರೂ ಬದುಕು ತಮ್ಮದಾಗಬೇಕು

ಎಲ್ಲರ ಕೈಯೂ ಮೊದಲಿನಂತಾಗುವುದಿಲ್ಲ. ಪೆಟ್ಟು ದೊಡ್ಡದಾಗಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಬೆರಳು ಬಾರದಿರಬಹುದು. ಅದು ರೋಗಿಯ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಆಗಲೂ ತಮ್ಮ ಊಟ, ಸ್ನಾನ, ಬಟ್ಟೆ ತಾವೇ ನೋಡಿಕೊಳ್ಳುವಂತಾಗುವುದು ಸಾಧ್ಯ.

• ಅಂಗಿ, ರವಿಕೆ ತೊಡುವಾಗ ಮೊದಲು ಸೋತ ಕೈ ತೂರಿಸಬೇಕು. ಬಿಚ್ಚುವಾಗ ಸೋತ ಕೈ ಕೊನೆಗೆ. ಗುಂಡಿಯ ಬದಲು ಅಂಟುಪಟ್ಟಿ ಹೊಲಿಸಿ.
• ಬಚ್ಚಲಲ್ಲಿ ಗಟ್ಟಿ ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಹಿಡಿಕೆ ಇರಲಿ. ಸೋತ ಕೈಗೆ ಬಿಸಿ ತಿಳಿಯದಿರಬಹುದು. ಹಂಡೆಯ ನೀರನ್ನು ಒಳ್ಳೆಯ ಕೈಯಿಂದಲೇ ಮುಟ್ಟಿ ನೋಡಬೇಕು.
• ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ.
• ನೀರು, ಹಾಲು ಕುಡಿಯುವಾಗ ಕೆಮ್ಮು ಬಂದರೆ ನುಂಗುವ ತೊಂದರೆ ಇರಬಹುದು. ಬಲವಂತವಾಗಿ ಕುಡಿಸಬೇಡಿ, ವೈದ್ಯರಿಗೆ ತೋರಿಸಿ.
• ಮಳೆಗಾಲದಲ್ಲಿ ಅಂಗಳದ ಚಿರೆಕಲ್ಲು ಪಾಚಿ ಹಿಡಿಯುತ್ತದೆ. ಮನೆಯಿಂದ ಬಚ್ಚಲಿಗೆ, ಕೊಟ್ಟಿಗೆಗೆ ಹೋಗುವ ದಾರಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ. ಬಿದ್ದು ಸೊಂಟ ಮುರಿದರೆ ಮಾಡಿದ ಅಭ್ಯಾಸವೆಲ್ಲ ನೀರುಪಾಲು.

ಇಲ್ಲಿ ನಿಮಗೆ ಬೇಕಾದದ್ದು ತಾಳ್ಮೆ. ಅಂಗಿ ತೊಡಿಸಲು ನಿಮಗೆ ಒಂದು ನಿಮಿಷ ಸಾಕು, ಅವರೇ ತೊಡಲು ಇಪ್ಪತ್ತು ನಿಮಿಷ ಬೇಕಾಗಬಹುದು. ಆ ಇಪ್ಪತ್ತು ನಿಮಿಷವೇ ಚಿಕಿತ್ಸೆ. ಹತ್ತಿರ ಇರಿ, ಸಿಕ್ಕಿಕೊಂಡಲ್ಲಿ ಮಾತ್ರ ಕೈಹಾಕಿ.

ಕೊಟ್ಟಿಗೆಗೆ ಮರಳುವುದು ಯಾವಾಗ?

ಒಬ್ಬರೇ ವಾಲದೆ ನಡೆಯಲು ಬರುವ ತನಕ ಆಕಳ ಪಕ್ಕ ಕಳಿಸಬೇಡಿ. ಬಾಲ ಬೀಸಿದರೂ, ಕಾಲು ಝಾಡಿಸಿದರೂ ಬೀಳುತ್ತಾರೆ. ಹಾಗೆಂದು ದೂರವೂ ಇಡಬೇಡಿ. ಮೊದಲು ಕೊಟ್ಟಿಗೆಯ ಹೊರಗೆ ಕುರ್ಚಿ ಹಾಕಿ ಕೂರಿಸಿ. ಯಾವ ಆಕಳಿಗೆ ಎಷ್ಟು ಹಿಂಡಿ, ಯಾವುದು ಬೆದೆಗೆ ಬಂದಿದೆ ಎಂದು ಅವರನ್ನೇ ಕೇಳಿ. ಆಮೇಲೆ ಗೋದಲಿಯ ಈಚೆ ನಿಂತು ಸೋತ ಕೈಯಿಂದ ಹಿಡಿಹುಲ್ಲು ಕೊಡಲಿ. ಮುಂದೆ ಕೂತು ಹಿಂಡಿ ಕಲಸುವುದು, ಪಾತ್ರೆ ತೊಳೆಯುವುದು.

ಕರೆಯುವ ಅಭ್ಯಾಸಕ್ಕೆ ಒಂದು ಸುಲಭ ಉಪಾಯವಿದೆ. ರಬ್ಬರ್ ಗವಸಿಗೆ ನೀರು ತುಂಬಿ ಬಾಯಿ ಕಟ್ಟಿ, ಬೆರಳ ತುದಿಗೆ ಸೂಜಿಯಿಂದ ಸಣ್ಣ ತೂತು ಮಾಡಿ ತೂಗುಹಾಕಿ. ಮೊಲೆ ಹಿಂಡಿದಂತೆ ಹೆಬ್ಬೆರಳ ಕಡೆಯಿಂದ ಕಿರುಬೆರಳಿನವರೆಗೆ ಒಂದೊಂದಾಗಿ ಬೆರಳು ಮುಚ್ಚಿ, ಪೂರ್ತಿ ತೆರೆದು ಮಾಡಲಿ. ನೀರು ಸರಿಯಾಗಿ ಬಂದ ಮೇಲೆ ಸಾಧು ಆಕಳ ಬಳಿ, ಮನೆಯವರು ಪಕ್ಕದಲ್ಲಿದ್ದು, ಎರಡು ನಿಮಿಷ ಕರೆಯಲಿ. ಉಳಿದದ್ದನ್ನು ನೀವು ಪೂರ್ತಿ ಕರೆದು ಮುಗಿಸಿ. ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೆ ದಾರಿ.

ಮನಸ್ಸು, ಮತ್ತು ನೋಡಿಕೊಳ್ಳುವವರ ಬೆನ್ನು

ಕಾರಣವಿಲ್ಲದೆ ಅಳುವುದು, ಸಿಟ್ಟು, 'ನಾನು ನಿಮಗೆ ಭಾರ' ಎಂಬ ಮಾತು ಪಾರ್ಶ್ವವಾಯುವಿನ ನಂತರ ಸಾಮಾನ್ಯ. ವಾರಗಟ್ಟಲೆ ಮಂಕಾಗಿದ್ದರೆ ವೈದ್ಯರಿಗೆ ತಿಳಿಸಿ, ಇದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆರೈಕೆಯ ಹೊರೆ ಹೆಚ್ಚಾಗಿ ಬೀಳುವುದು ಸೊಸೆಯ ಅಥವಾ ಮಗಳ ಮೇಲೆ. ಅವಳಿಗೇ ಅಡುಗೆ, ಅವಳಿಗೇ ಕೊಟ್ಟಿಗೆ. ಒಬ್ಬಳೇ ಎಲ್ಲ ಹೊತ್ತರೆ ಮೂರು ತಿಂಗಳಲ್ಲಿ ಅವಳೂ ಹಾಸಿಗೆ ಹಿಡಿಯುತ್ತಾಳೆ. ಬೆಳಗಿನ ಅಭ್ಯಾಸ ಮಗನದು, ಸಂಜೆಯದು ಮೊಮ್ಮಕ್ಕಳದು ಎಂದು ಹಂಚಿಕೊಳ್ಳಿ. ಅಡಿಕೆ ಎಣಿಸುವ ಆಟಕ್ಕೆ ಮೊಮ್ಮಕ್ಕಳಿಗಿಂತ ಒಳ್ಳೆಯ ಜೊತೆ ಇಲ್ಲ.

ಎರಡನೇ ಸಲ ಬಾರದಿರಲಿ

ಒಮ್ಮೆ ಬಂದವರಿಗೆ ಮತ್ತೆ ಬರುವ ಅಪಾಯ ಹೆಚ್ಚು. ಬಿಪಿ, ಸಕ್ಕರೆ ತಪ್ಪದೆ ನೋಡಿಸಿ, ಮಾತ್ರೆ ನಿಲ್ಲಿಸಬೇಡಿ. ಒಣಮೀನು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಬೀಡಿ, ಸಾರಾಯಿ, ತಂಬಾಕಿನ ಕವಳ ಬಿಡಿಸಿ.

ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೆತ್ತಲಾಗದೆ ಕೆಳಗಿಳಿದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಬಾಯಿಗೆ ನೀರು, ಮಾತ್ರೆ ಏನೂ ಹಾಕಬೇಡಿ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟು ಹೇಳಿ.

ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಹೊನ್ನಾವರ, ಕುಮಟಾದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಹಾಗಾಗಿ ರಾತ್ರಿಯಲ್ಲೂ ಸಿಟಿ ಸ್ಕ್ಯಾನ್ ಸಿಗುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ, ಫೋನ್ ನಂಬರನ್ನು ಗೋಡೆಗೆ ಅಂಟಿಸಿಡಿ.

ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಶುರುವಾಗಿದ್ದ ಯಶಸ್ವಿನಿ ಯೋಜನೆ ನಡುವೆ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೂ ಇದೆ. ಯಾವ ಚಿಕಿತ್ಸೆ, ಯಾವ ಆಸ್ಪತ್ರೆ ಸೇರಿದೆ, ನೋಂದಣಿ ಯಾವಾಗ ಎಂಬುದನ್ನು ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ಕೇಳಿ. ಕಾಯಿಲೆ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ನೋಂದಾಯಿಸಿಕೊಳ್ಳುವುದು ಲೇಸು. ಕೈಯ ಊನ ಉಳಿದುಹೋದರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಬಹುದು.

ನೆನಪಿಡಿ

1. ಸೋತ ಕೈ ಹಿಡಿದು ಎಳೆಯಬೇಡಿ, ಜೋತುಬಿಡಬೇಡಿ.
2. ದಿನಕ್ಕೆ ಮೂರು ಹೊತ್ತು ಅಭ್ಯಾಸ, ಎಣಿಸಿ ಬರೆಯಿರಿ.
3. ಹಿಡಿಯುವುದಕ್ಕಿಂತ ಬಿಡುವುದನ್ನು ಹೆಚ್ಚು ಕಲಿಸಿ.
4. ಅವರು ಮಾಡಬಲ್ಲ ಕೆಲಸವನ್ನು ನೀವು ಮಾಡಬೇಡಿ.
5. ಫಿಸಿಯೋಥೆರಪಿಸ್ಟ್ ಬಳಿ ಆಗಾಗ ತೋರಿಸಿ, ಮಾತ್ರೆ ತಪ್ಪಿಸಬೇಡಿ.
6. ಹೊಸ ಲಕ್ಷಣ ಕಂಡರೆ ಕಾಯಬೇಡಿ, 108.

ನಿಮ್ಮ ಸಂಘದಲ್ಲಿ ಇಂಥ ಮನೆಯಿದ್ದರೆ ಈ ಪುಟವನ್ನು ಅವರಿಗೂ ಓದಿ ಹೇಳಿ. ಸಂಜೆ ಡೇರಿಗೆ ಹೋಗುವಾಗ ಅವರ ಹಾಲಿನ ಕ್ಯಾನನ್ನೂ ಒಯ್ದುಕೊಟ್ಟರೆ, ಆ ಮನೆಯವರಿಗೆ ಅಭ್ಯಾಸಕ್ಕೆ ಅರ್ಧ ಗಂಟೆ ಸಿಗುತ್ತದೆ.